ಸದ್ದು ಹೋದ ಲಾರಿ

ಲಾರಿಯ ಮುಂದಿನ ಚಕ್ರಗಳ ಬಳಿ ಎಲ್ಲೋ ಒಂದು ಸದ್ದಿತ್ತು. ಗುಂಡಿ ಸಿಕ್ಕರೆ ‘ಟಕ್ಕ’, ಉಬ್ಬು ಸಿಕ್ಕರೆ ‘ಟಕ್ಕ’, ಏನೂ ಸಿಗದಿದ್ದರೆ ಮರೆತುಹೋಗಬಾರದೆಂದು ಒಂದು ‘ಟಕ್ಕ’. ಲಾರಿಗೆ ವಯಸ್ಸಾಗಿತ್ತು, ಲಾರಿಯವನಿಗೂ ಆಗಿತ್ತು. ಮೆಟ್ಟಿಲು ಹತ್ತುವಾಗ ತನ್ನ ಮಂಡಿಯೂ ಹಾಗೇ ಅನ್ನುತ್ತಿದ್ದುದರಿಂದ ಅವನು ಅದನ್ನೊಂದು ಕಾಯಿಲೆಯೆಂದು ಎಣಿಸಿರಲಿಲ್ಲ. ಎಂಟು ವರ್ಷದಿಂದ ಅದೇ ಸದ್ದಿನ ಜೊತೆ ಗುಡ್ಡದ ಮೇಲಿನ ಹನ್ನೊಂದು ಮನೆಗಳಿಂದ ಸಂಜೆಯ ಹಾಲಿನ ಕ್ಯಾನುಗಳನ್ನು ಹೇರಿಕೊಂಡು ಡೇರಿಗೆ ತಂದು ಇಳಿಸುತ್ತಿದ್ದ.

ಕಾಯಿಲೆ ಅನ್ನಿಸಿದ್ದು ಡೇರಿಗೆ ಹೊಸ ಸೂಪರ್‌ವೈಸರು ಬಂದ ಮೇಲೆ. ಲಾರಿ ಗೇಟಿನೊಳಗೆ ಬರುತ್ತಿದ್ದಂತೆ ಆತ ಕೈ ಅಡ್ಡ ಹಿಡಿದು, ಈ ಚಕ್ರ ಒಂದು ದಿನ ಹಾಲಿನ ಸಮೇತ ಕಳಚಿಕೊಳ್ಳುತ್ತದೆ ಎಂದ. ನಾಳೆ ಸಂಜೆ ತಾನೇ ಪಕ್ಕದಲ್ಲಿ ಕೂತು ಬರುವುದಾಗಿಯೂ, ಆ ಸದ್ದು ಒಂದೇ ಒಂದು ಸಲ ಕೇಳಿದರೂ ಕೆಲಸವನ್ನು ಬೇರೆ ಗಾಡಿಗೆ ಕೊಡುವುದಾಗಿಯೂ ಹೇಳಿದ. ಬೇರೆ ಗಾಡಿ ಯಾವುದೆಂದು ಕೇಳಬೇಕಾಗಿರಲಿಲ್ಲ. ಇಟ್ಟಿಗೆ ಹೇರುವವನು ಎರಡು ವರ್ಷದಿಂದ ಆ ಕ್ಯಾನುಗಳ ಮೇಲೆ ಕಣ್ಣಿಟ್ಟು ಕೂತಿದ್ದ. ಲಾರಿಯವನಿಗಾದರೋ ಹಾಲು ಬಿಟ್ಟರೆ ಬೇರೆ ಬಾಡಿಗೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಗ್ಯಾರೇಜಿನವನು ಮನೆ ಮುಂದೆಯೇ ಬಂದು ಜಾಕಿ ಹಾಕಿದ. ಅವನು ಮಾತು ಕಮ್ಮಿಯ, ಕ್ರಮ ಜಾಸ್ತಿಯ ಮನುಷ್ಯ. ಒಂದು ಕಡೆ ಬಿಗಿ ಮಾಡುವುದು, ದರ್ಜಿ ಅಂಗಡಿಯ ಮುಂದಿನ ಉಬ್ಬಿನ ಮೇಲೆ ಓಡಿಸುವುದು, ಸದ್ದು ಇನ್ನೂ ಇದ್ದರೆ ಆಮೇಲೆ ಮುಂದಿನದಕ್ಕೆ ಕೈ ಹಾಕುವುದು. “ಎಲ್ಲಿಂದ ಬರ್ತಿದೆ ಅಂತ ಗೊತ್ತಾಗದೆ ರಿಪೇರಿ ಮಾಡೋದು, ಯಾರಿಗೆ ಜ್ವರ ಅಂತ ಕೇಳದೆ ಮನೆಮಂದಿಗೆಲ್ಲ ಮಾತ್ರೆ ಕೊಟ್ಟ ಹಾಗೆ” ಎಂದು ಹೇಳಿ ಲಾರಿಯ ಕೆಳಗೆ ತೂರಿಕೊಂಡ.

ಆದರೆ ಬೀದಿಯಲ್ಲಿ ಜಾಕಿಯ ಮೇಲೆ ನಿಂತ ಲಾರಿ ಎಂದರೆ ಬಾಯಿ ತೆರೆದಿಟ್ಟ ಬೆಲ್ಲದ ಡಬ್ಬಿ. ಮೊದಲು ಬಂದವನು ಎದುರುಮನೆಯ ಭಾವ, ಲಾರಿಯವನ ಹೆಂಡತಿಯ ಅಣ್ಣ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಈಗ ಓಡಿಸಲು ಏನೂ ಇಲ್ಲದೆ ಮನೆಯವರನ್ನು ಓಡಿಸುತ್ತಿದ್ದ. ಅವನ ಹಿಂದೆ ಕಮ್ಮಾರ ಬಂದ. ಕೊನೆಗೆ ದರ್ಜಿಯೂ ಅಂಗಡಿ ಬಿಟ್ಟು ಬಂದ. ತನಗೆ ಗಾಡಿಯ ವಿಷಯ ತಿಳಿಯದೆಂದು ಅವನೇ ಒಪ್ಪಿಕೊಂಡ. ಆದರೆ ದಿನವಿಡೀ ಹೊಲಿಗೆ ಮೆಷಿನ್ನಿನ ಸದ್ದು ಕೇಳಿ ಪಳಗಿದ ಕಿವಿ ತನ್ನದು ಎಂದ.

ಲಾರಿಯವನು ಉಬ್ಬಿನ ಮೇಲೆ ಮೆಲ್ಲಗೆ ಗಾಡಿ ಹತ್ತಿಸಿದ. ಭಾವ ಎಡಚಕ್ರದ ಪಕ್ಕ, ದರ್ಜಿ ಬಲಚಕ್ರದ ಪಕ್ಕ ಬಗ್ಗಿಕೊಂಡು ನಡೆದರು. ಸದ್ದು ಬಲಗಡೆ ಎಂದ ಭಾವ. ಎಡಗಡೆ ಎಂದ ದರ್ಜಿ. ಇಬ್ಬರೂ ಜಾಗ ಬದಲಾಯಿಸಿ ಮತ್ತೆ ನಡೆದರು. ಈಗ ಭಾವ ಎಡಗಡೆ ಎಂದ, ದರ್ಜಿ ಬಲಗಡೆ ಎಂದ. ಸದ್ದು ಯಾವಾಗಲೂ ಇನ್ನೊಬ್ಬನ ಕಡೆಯೇ ಇತ್ತು.

ಇದು ಹೀಗೆ ಆಗುವುದಲ್ಲ ಎಂದು ಕಮ್ಮಾರ ಒಂದು ಉದ್ದನೆಯ ಕಬ್ಬಿಣದ ಸರಳು ತಂದ. ಅದರ ಒಂದು ತುದಿಯನ್ನು ಸ್ಪ್ರಿಂಗ್ ಪಟ್ಟಿಗಳಿಗೆ, ಇನ್ನೊಂದನ್ನು ತನ್ನ ಕಿವಿಗೆ ಕೊಟ್ಟು ನೆಲದ ಮೇಲೆ ಮಲಗಿದ. ಭಾವ ಬಂಪರಿನ ಮೇಲೆ ಹತ್ತಿ ಕುಣಿಯಬೇಕೆಂದಾಯಿತು. ಭಾವ ಕುಣಿದ. ಏಳನೆಯ ಸಲ ‘ಟಕ್ಕ’ ಎಂದಿತು. ಸಿಕ್ಕಿತು ಎಂದು ಕಮ್ಮಾರ ಎದ್ದು ಕೂತ. ಅದು ಭಾವನ ಸೊಂಟವೆಂದು ಅವನನ್ನು ಇಳಿಸಿಕೊಳ್ಳುವಾಗ ತಿಳಿಯಿತು.

ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಹೆಂಡತಿ, “ಆ ಸದ್ದು ನಿಮಗೆ ಈಗ ಕೇಳಿಸ್ತಾ? ನಾನು ಹೇಳಿ ಆರು ವರ್ಷ ಆಯ್ತು” ಎಂದು ಒಳಗೆ ಹೋದಳು.

ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಗ್ಯಾರೇಜಿನವನು ಎರಡು ಅನುಮಾನ ಮಾತ್ರ ತೀರಿಸಿಕೊಂಡಿದ್ದ: ಚಕ್ರದ ಬೇರಿಂಗ್ ಅಲ್ಲ, ಸ್ಟೀರಿಂಗಿನ ಕಡೆಯದೂ ಅಲ್ಲ. ಸೂಪರ್‌ವೈಸರು ಬರಲು ಒಂದೂವರೆ ಗಂಟೆ ಉಳಿದಿತ್ತು. ಲಾರಿಯವನು ಗಡಿಯಾರ ನೋಡುವುದನ್ನು ಕಂಡ ಭಾವ ಸೊಂಟ ಹಿಡಿದುಕೊಂಡೇ, “ಹೀಗೆ ಒಂದೊಂದೇ ನೋಡ್ತಾ ಕೂತ್ರೆ, ಇವತ್ತು ಹುಟ್ಟಿದ ಕರು ಹಾಲು ಕೊಡೋ ಹೊತ್ತಿಗೆ ನಿನ್ನ ಲಾರಿ ಹೊರಡುತ್ತೆ” ಎಂದ.

ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಶಾಕ್ ಅಬ್ಸಾರ್ಬರಿನ ರಬ್ಬರು ಹೋಗಿದೆ ಎಂಬುದು ಭಾವನ ಮತ. ಅವನು ಅದನ್ನು ಬಿಚ್ಚಿ ಹೊಸದು ಹಾಕಿದ. ಪಟ್ಟಿಗಳನ್ನು ಅಚ್ಚಿಗೆ ಹಿಡಿದಿಟ್ಟ ಬೋಲ್ಟುಗಳೇ ಸಡಿಲ ಎಂಬುದು ಕಮ್ಮಾರನ ಮತ. ಅವನು ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ಕುತ್ತಿಗೆಯ ನರ ಉಬ್ಬುವ ತನಕ ಬಿಗಿದ. ದರ್ಜಿ ಹಳೆಯ ಟ್ಯೂಬನ್ನು ಅಚ್ಚುಕಟ್ಟಾಗಿ ಅಳತೆ ಹಿಡಿದು ಕತ್ತರಿಸಿ, ಸಂದು ಕಂಡಲ್ಲೆಲ್ಲ ತುರುಕಿದ. ಗ್ಯಾರೇಜಿನವನು ನಿಟ್ಟುಸಿರು ಬಿಟ್ಟು, ತನ್ನ ಮೂರನೆಯ ಅನುಮಾನವಾಗಿದ್ದ ಪಟ್ಟಿಯ ತುದಿಯ ತೂತಿನೊಳಗೆ ಕೂರುವ ಬಳೆಯಂಥ ಬುಷ್ಷನ್ನು ಬದಲಿಸಿ ಗ್ರೀಸು ಹೊಡೆದ. ನಾಲ್ಕು ಜೊತೆ ಕಾಲುಗಳು ಲಾರಿಯ ಕೆಳಗಿನಿಂದ ಬೀದಿಗೆ ಚಾಚಿದ್ದವು. ಹೋಗಿಬರುವವರು ಅಪಘಾತವೆಂದು ನಿಂತು, ಸತ್ತವರು ಜಗಳವಾಡುತ್ತಿರುವುದನ್ನು ಕೇಳಿ ಮುಂದೆ ಹೋದರು.

ಮೂರೂಮುಕ್ಕಾಲಿಗೆ ಲಾರಿ ಉಬ್ಬು ಹತ್ತಿಳಿಯಿತು. ಸದ್ದಿಲ್ಲ. ಹಿಂದಕ್ಕೆ ಬಂತು, ಮತ್ತೆ ಹತ್ತಿತು. ಇಲ್ಲವೇ ಇಲ್ಲ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡದೆ ತಮ್ಮತಮ್ಮಷ್ಟಕ್ಕೆ ನಕ್ಕರು.

ಸೂಪರ್‌ವೈಸರು ಹತ್ತಿದಾಗ ಬಾಗಿಲ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದ. ಮೊದಲ ತಿರುವಿನ ಗುಂಡಿಯಲ್ಲಿ ಕಿವಿ ನಿಮಿರಿಸಿದ. ಎರಡನೆಯ ತಿರುವಿನಲ್ಲಿ ಹಿಡಿಕೆ ಬಿಟ್ಟ. ಮೂರನೆಯದರಲ್ಲಿ ಹಿಂದಕ್ಕೆ ಒರಗಿ, “ಹಳೇ ಗಾಡಿ ಅಂತ ಅನ್ಸೋದೇ ಇಲ್ವಲ್ಲಯ್ಯ” ಎಂದ. ಎಂಟು ವರ್ಷದಲ್ಲಿ ಮೊದಲ ಬಾರಿಗೆ ಲಾರಿಯವನಿಗೆ ಆ ದಾರಿಯಲ್ಲಿ ಹಕ್ಕಿ ಕೂಗುವುದು ಕೇಳಿಸಿತು.

ಮೊದಲ ಮನೆಯ ಮುಂದೆ ಕ್ಯಾನೂ ಇರಲಿಲ್ಲ, ಜನರೂ ಇರಲಿಲ್ಲ. ಲಾರಿಯವನು ಹಾರನ್ ಹೊಡೆದ. ಕಾದು ಮತ್ತೆ ಹೊಡೆದ. ಕೊನೆಗೆ ಇಳಿದು ಹೋಗಿ ಬಾಗಿಲು ಬಡಿದಾಗ ಮನೆಯ ಅಜ್ಜಿ ಇಣುಕಿ, ಯಾರ ಮನೆ ಬೇಕಿತ್ತು ಎಂದು ಕೇಳಿದಳು. ಆಮೇಲೆ ಗುರುತು ಹಿಡಿದಳು.

“ನೀನೇನಪ್ಪಾ? ಕೆಳಗಿನ ತಿರುವಲ್ಲಿ ನಿನ್ನ ಲಾರಿ ಟಕ್ಕ ಅಂದ ಮೇಲೆ ತಾನೇ ನಾವು ನೀರಿನ ತೊಟ್ಟಿಯಿಂದ ಕ್ಯಾನು ಎತ್ತೋದು. ಮೊದಲೇ ಬಿಸಿಲಲ್ಲಿ ತಂದಿಟ್ಟರೆ ಹಾಲು ಒಡೆಯಲ್ವಾ? ಇವತ್ತು ಏನೂ ಅನ್ನಲಿಲ್ಲ. ಬರಲ್ಲ ಅಂದ್ಕೊಂಡ್ವಿ.”

ಹಾರನ್ ಹೊಡೆದೆನಲ್ಲ ಎಂದ ಲಾರಿಯವನು.

“ಹಾರನ್ನು ಹೋಗಿಬರೋರೆಲ್ಲ ಹೊಡೀತಾರೆ. ಅದಕ್ಕೆಲ್ಲ ಎದ್ದು ಬರೋಕಾಗುತ್ತಾ?”

ಜನ ಕ್ಯಾನು ಹಿಡಿದು ದಾರಿಬದಿಗೆ ಬಂದು ನಿಲ್ಲುವುದು ತನ್ನ ಸಮಯಪಾಲನೆಯ ಮೇಲಿನ ಗೌರವದಿಂದ ಎಂದು ಲಾರಿಯವನು ಎಂಟು ವರ್ಷ ನಂಬಿದ್ದ. ಉಳಿದ ಹತ್ತು ಮನೆಗಳು ಆ ನಂಬಿಕೆಯಲ್ಲಿ ಏನನ್ನೂ ಉಳಿಸಲಿಲ್ಲ. ಒಂದು ಮನೆಯಲ್ಲಿ ಇನ್ನೂ ಹಾಲು ಕರೆಯಲು ಕೂತಿರಲಿಲ್ಲ. ಇನ್ನೊಂದರಲ್ಲಿ ಲಾರಿ ಕೆಟ್ಟಿದೆಯೆಂದು ತೀರ್ಮಾನಿಸಿ ಕರುವನ್ನು ಕುಡಿಯಲು ಬಿಟ್ಟಿದ್ದರು. ಕರು ಹೊಟ್ಟೆ ಬಿರಿಯುವಂತೆ ಕುಡಿದು ಮಲಗಿತ್ತು. ನಾಳೆಯಿಂದ ಗಡಿಯಾರ ನೋಡಿ ಹೊರಗೆ ಬನ್ನಿ ಎಂದು ಅವನು ಮನೆಮನೆಯಲ್ಲೂ ಬೇಡಿಕೊಂಡ. ಎಲ್ಲರೂ ಆಗಲಿ ಎಂದರು. ಆದರೆ ಹನ್ನೊಂದು ಮನೆಯ ಗಡಿಯಾರಗಳೂ ಹನ್ನೊಂದು ಹೊತ್ತು ತೋರಿಸುತ್ತಿದ್ದವು.

ಲಾರಿ ಅರ್ಧ ಹಾಲು ಹೊತ್ತು ಡೇರಿಗೆ ಇಳಿದು ಬರುವಾಗ, ದಿನವೂ ಅಲ್ಲಿಂದ ಹಾಲನ್ನು ಪಟ್ಟಣಕ್ಕೆ ಒಯ್ಯುವ ತಂಪು ಟ್ಯಾಂಕರು ಕಾದು ಸಾಕಾಗಿ ಹೊರಟುಹೋಗಿತ್ತು. ಸೂಪರ್‌ವೈಸರು ಕೆಳಗಿಳಿದು ಅಂಗಿ ಸರಿಮಾಡಿಕೊಂಡ.

“ಗಾಡಿ ಬಗ್ಗೆ ನಂದೇನೂ ದೂರಿಲ್ಲ” ಎಂದ. “ಆದ್ರೆ ನಾಳೆ ಹನ್ನೊಂದು ಮನೆ ಹಾಲೂ ಹೊತ್ತಿಗೆ ಸರಿಯಾಗಿ ಬರಬೇಕು. ಇಲ್ಲಾಂದ್ರೆ ಇಟ್ಟಿಗೆಯವನಿಗೆ ಹೇಳಿಕಳಿಸ್ತೀನಿ. ಅವನ ಗಾಡಿ ಗುಡ್ಡದ ಆಚೆಗೂ ಕೇಳುತ್ತೆ.”

ಸದ್ದಿರಬಾರದು ಅಂದಿದ್ದಿರಲ್ಲ ಎಂದು ಲಾರಿಯವನು ನೆನಪಿಸಿದ. ಸ್ವಲ್ಪ ಸದ್ದಿದ್ದರೆ ಏನಾಗುತ್ತದೆ, ಅಷ್ಟೂ ತಿಳಿಯುವುದಿಲ್ಲವೇ ಎಂದು ಸೂಪರ್‌ವೈಸರು ಒಳಗೆ ಹೋದ.

ಮನೆಯ ಮುಂದೆ ನಾಲ್ವರೂ ಕಾದಿದ್ದರು. ಸದ್ದು ನಿಲ್ಲಿಸಿದ್ದು ಯಾರೆಂಬ ವಿಚಾರ ಸಂಜೆಯಿಂದ ನಡೆದು, ಕಮ್ಮಾರ ಮತ್ತು ದರ್ಜಿ ಮಾತು ಬಿಡುವ ತನಕ ಮುಟ್ಟಿತ್ತು. ಲಾರಿಯವನು ಇಳಿದು ನಡೆದದ್ದನ್ನೆಲ್ಲ ಹೇಳಿ, “ಯಾರು ನಿಲ್ಲಿಸಿದ್ರೋ ಅವರೇ ಬಂದು ಬಿಚ್ಚಿ” ಎಂದ.

ರಬ್ಬರಿನಿಂದ ಅಷ್ಟು ದೊಡ್ಡ ಸದ್ದು ನಿಲ್ಲುತ್ತದೆಯೇ, ಅದು ಬೋಲ್ಟೇ ಇರಬೇಕು ಎಂದ ಭಾವ. ತಾನು ಬಿಗಿಯುವ ಮೊದಲೇ ಅವು ಬಿಗಿಯಾಗಿದ್ದವು ಎಂದು ಕಮ್ಮಾರನಿಗೆ ಈಗ ನೆನಪಾಯಿತು. ತನಗೆ ಗಾಡಿಯ ವಿಷಯ ತಿಳಿಯದೆಂದು ಮೊದಲೇ ಹೇಳಿದ್ದೆನಲ್ಲ ಎಂದ ದರ್ಜಿ.

ಕೊನೆಗೆ ನಾಲ್ವರೂ ಮತ್ತೆ ಲಾರಿಯ ಕೆಳಗೆ ತೂರಿ, ಮಾಡಿದ್ದನ್ನೆಲ್ಲ ಬಿಚ್ಚಿ, ಹಳೆಯ ರಬ್ಬರು ಹಳೆಯ ಬುಷ್ಷುಗಳನ್ನೇ ಹುಡುಕಿ ಹಾಕಿದರು. ಲಾರಿಯವನು ಉಬ್ಬಿನ ಮೇಲೆ ಹತ್ತಿಸಿದ. ಎರಡೂ ಕಡೆ ಬಗ್ಗಿಕೊಂಡು, ಕಿವಿ ಕೊಟ್ಟು ನಾಲ್ವರೂ ನಡೆದರು. ಲಾರಿ ಅಡುಗೆಮನೆಗೆ ಹೊರಟ ಬೆಕ್ಕಿನಂತೆ ಉಬ್ಬು ದಾಟಿತು.

ಆರು ಸಲ ದಾಟಿಸಿದ ಮೇಲೆ ಗ್ಯಾರೇಜಿನವನು ಕೈ ಒರೆಸಿಕೊಂಡ. ಬಿಚ್ಚಿದರೂ ಕೆಡದಷ್ಟು ಗಟ್ಟಿ ಕೆಲಸ ತಾನು ಜನ್ಮದಲ್ಲಿ ಮಾಡಿರಲಿಲ್ಲ ಎಂದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ.