ಕೊನೆಯ ಅಧ್ಯಾಯಕ್ಕೆ ಹೊಲಿಗೆ

ನನ್ನ ಸೋದರಮಾವನಿಗೆ ಇದ್ದಷ್ಟು ಕೊಲೆಗಳ ಪರಿಚಯ ಜಿಲ್ಲೆಯ ಯಾವ ಇನ್‌ಸ್ಪೆಕ್ಟರಿಗೂ ಇರಲಿಲ್ಲ. ವಿಷ, ಚೂರಿ, ಪಿಸ್ತೂಲು, ಮಹಡಿಯಿಂದ ತಳ್ಳುವುದು, ಎಲ್ಲದರ ಬಗ್ಗೆಯೂ ಅವನದು ಖಚಿತ ಅಭಿಪ್ರಾಯ. ಮನೆಯಲ್ಲಿ ಜಿರಳೆ ಕಂಡರೆ ಮಾತ್ರ ಅತ್ತೆಯನ್ನು ಕೂಗುತ್ತಿದ್ದ.

ಮಾವ ನ್ಯಾಮತಿಯಲ್ಲಿ ಟೈಲರ್. ಎಪ್ಪತ್ತರ ದಶಕವೆಂದರೆ ಪತ್ತೇದಾರಿ ಕಾದಂಬರಿಗಳ ಸುಗ್ಗಿ. ತಿಂಗಳಿಗೆ ನಾಲ್ಕಾರು ಹೊಸವು ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದವು. ಮುಖಪುಟದಲ್ಲಿ ಒಬ್ಬ ಹೆಂಗಸು ಕಿರುಚುತ್ತಿರುತ್ತಿದ್ದಳು, ಅವಳ ಹಿಂದೆ ಒಂದು ನೆರಳು. ಮಾವ ಕಾಲಲ್ಲಿ ಮಿಷನ್ ತುಳಿಯುತ್ತ ಕಣ್ಣಲ್ಲಿ ಆ ನೆರಳನ್ನು ಹಿಂಬಾಲಿಸುತ್ತಿದ್ದ. ಪರಿಣಾಮ ಗಿರಾಕಿಗಳ ಮೈಮೇಲೆ ಕಾಣುತ್ತಿತ್ತು. ಚನ್ನಗಿರಿಯ ಸಾಹುಕಾರರೊಬ್ಬರು ಹೊಸ ಜುಬ್ಬ ಹಿಡಿದುಕೊಂಡು ಬಂದರು.

"ಇದೇನ್ರೀ, ಜೇಬು ಬೆನ್ನಿಗೈತೆ?"

"ಹದಿನೇಳನೇ ಅಧ್ಯಾಯ ಭಾಳ ಜೋರಿತ್ತು ಸಾಹುಕಾರ್ರೇ."

ಸಾಹುಕಾರರು ಜುಬ್ಬವನ್ನು ಅಲ್ಲೇ ಬಿಟ್ಟು ಆ ಕಾದಂಬರಿಯನ್ನು ತೆಗೆದುಕೊಂಡು ಹೋದರು.

ಹೊಸದರಲ್ಲಿ ಓದತಕ್ಕದ್ದು ಯಾವುದು, ಬಿಸಾಡತಕ್ಕದ್ದು ಯಾವುದು ಎಂದು ತೀರ್ಪು ಕೊಡುವವನೂ ಮಾವನೇ. ಹಳೆ ಕ್ಯಾಲೆಂಡರಿನ ಬೆನ್ನಿಗೆ ಪಟ್ಟಿ ಬರೆದು ಅಂಗಡಿಯಲ್ಲಿ ತೂಗುಹಾಕುತ್ತಿದ್ದ. ಮೊದಲ ಪುಟದಲ್ಲೇ ಕೊಲೆಗಾರ ಕಂಡುಬಿಟ್ಟರೆ ಅದು ಒಳಗಿನದೆಲ್ಲ ಹೊರಗೆ ಕಾಣುವ 'ಮಲ್‌ಬಟ್ಟೆ'. ಶುರುವಿನಲ್ಲಿ ದೊಡ್ಡದಾಗಿದ್ದು ಕೊನೆಗೆ ಕುಗ್ಗಿದರೆ, ನೀರಿಗೆ ಬಿದ್ದೊಡನೆ ಕುಗ್ಗುವ ಬಟ್ಟೆ 'ಮಾಂಜರ್‌ಪಾಟು'. ಎಷ್ಟು ಸಲ ತೊಳೆದರೂ ಸುಕ್ಕಾಗದ್ದು 'ಟೆರಿಕಾಟ್'. ಟೆರಿಕಾಟ್ ಸಿಕ್ಕ ವಾರ ನ್ಯಾಮತಿಯಲ್ಲಿ ಯಾರಿಗೂ ಹೊಸ ಅಂಗಿ ಸಿಗುತ್ತಿರಲಿಲ್ಲ.

ಓದಲು ಕೊಡುವುದಕ್ಕೂ ಒಂದು ಕಾನೂನಿತ್ತು. ತಾನು ಪೂರ್ತಿ ಓದಿದ ಮೇಲೆ ಮಾವ ಕೊನೆಯ ಅಧ್ಯಾಯದ ಹಾಳೆಗಳನ್ನು ಒಟ್ಟಿಗೆ ಹಿಡಿದು ಅಂಚಿಗೆ ಮಿಷನ್ ಹೊಲಿಗೆ ಹಾಕುತ್ತಿದ್ದ. ಹೊಲಿಗೆಯವರೆಗೆ ಓದಿದವರು ಅಂಗಡಿಗೆ ಬಂದು, ಯಾರ ಮೇಲೆ ಅನುಮಾನ, ಯಾಕೆ ಅನುಮಾನ ಎಂದು ಹೇಳಬೇಕು. ಕಾರಣ ಒಪ್ಪಿಗೆಯಾದರೆ ಮಾತ್ರ ಕತ್ತರಿ! ಇದಕ್ಕಾಗಿ ಹೊನ್ನಾಳಿಯಿಂದ ಒಬ್ಬ ಮೇಷ್ಟ್ರು ಬಸ್ಸು ಹತ್ತಿ ಬರುತ್ತಿದ್ದರು.

"ನಂಗೆ ಅಡಿಗೆಯವನ ಮ್ಯಾಲೆ ಅನುಮಾನ ಐತೆ."

"ಯಾಕ್ರೀ?"

"ಕಥೆಯಾಗೆ ಅವನು ಒಂದೇ ಸಲ ಬಂದು ಹೋಗ್ತಾನೆ."

"ನೀವೂ ನಮ್ಮಂಗಡಿಗೆ ತಿಂಗಳಿಗೆ ಒಂದೇ ಸಲ ಬಂದು ಹೋಗ್ತೀರಿ. ಪೊಲೀಸರಿಗೆ ಹಿಡಿದು ಕೊಡ್ಲೇನು? ಇನ್ನೊಂದ್ಸಲ ಓದ್ಕೊಂಡು ಬರ್ರಿ."

ಮಕ್ಕಳನ್ನು ನಪಾಸು ಮಾಡಿ ಅಭ್ಯಾಸವಿದ್ದ ಮೇಷ್ಟ್ರು ತಾವೇ ನಪಾಸಾಗಿ ಮುಂದಿನ ಬಸ್ಸಿಗೆ ವಾಪಸು ಹೋದರು.

ಈ ಕಾನೂನಿಗೆ ಬಗ್ಗದವಳು ಒಬ್ಬಳೇ. ಅವನ ತಂಗಿ, ಅಂದರೆ ನನ್ನ ಅಮ್ಮ. ಜಗಳೂರಿಗೆ ಕೊಟ್ಟ ಈ ತಂಗಿಗೆ ಮಾವ ರವಿಕೆಯ ಪೊಟ್ಟಣದೊಳಗೆ ಕಾದಂಬರಿ ಇಟ್ಟು ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದ. ಅಮ್ಮನಿಗೋ ಕೊನೆಯ ಅಧ್ಯಾಯವನ್ನೇ ಮೊದಲು ಓದುವ ಚಟ. "ಯಾರು ಸಾಯ್ತಾರೆ, ಯಾರು ಉಳೀತಾರೆ ಅಂತ ಗೊತ್ತಾದ್ರೆ ನೆಮ್ಮದಿಯಾಗಿ ಓದಾಕೆ ಆಗ್ತೈತೆ" ಎನ್ನುತ್ತಿದ್ದಳು. ಹೊಲಿಗೆ ಬಿಚ್ಚಿ, ಓದಿ, ಅದೇ ತೂತುಗಳಲ್ಲಿ ಸೂಜಿ ಹಾಯಿಸಿ ಮತ್ತೆ ಹೊಲಿದಿಡುತ್ತಿದ್ದಳು. ಏಳು ವರ್ಷ ಹೀಗೇ ನಡೆಯಿತು. ಒಂದು ಸಲ ಜಗಳೂರಿಗೆ ಬಂದ ಮಾವ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇದು ಮಿಷನ್ ಹೊಲಿಗೆ ಅಲ್ಲ. ಕೈ ಹೊಲಿಗೆ."

ಸಾವಿರ ಕೊಲೆಗಳನ್ನು ಓದಿದ ಮಾವ ಸ್ವತಃ ಭೇದಿಸಿದ ಪ್ರಕರಣ ಇದೊಂದೇ. ಅಣ್ಣ ತಂಗಿ ಮೂರು ತಿಂಗಳು ಮಾತು ಬಿಟ್ಟರು. ಪೊಟ್ಟಣಗಳು ಮಾತ್ರ ತಪ್ಪದೆ ಬಂದವು, ಎರಡೆರಡು ಹೊಲಿಗೆ ಹಾಕಿಸಿಕೊಂಡು.

ಎಂಬತ್ತರ ದಶಕದ ಶುರುವಿನಲ್ಲಿ ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು. ತೆಗೆದು ನೋಡುವವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಕೊನೆ ಗೊತ್ತಿಲ್ಲದೆ ಒಂದು ಕಾದಂಬರಿಯನ್ನೂ ಓದದ ಅಮ್ಮ ಈ ಮಾತು ಕೇಳಿ ಹೆದರಿಹೋದಳು. ಆಪರೇಷನ್ನಿನ ಹಿಂದಿನ ದಿನ ಮಾವ ಹೊಸ ಕಾದಂಬರಿಯೊಂದನ್ನು ತಂದು ಕೊಟ್ಟ. ಕೊನೆಯ ಅಧ್ಯಾಯಕ್ಕೆ ಮೂರು ಸಾಲು ಹೊಲಿಗೆ ಬಿದ್ದಿತ್ತು. ಹೊಲಿಗೆ ಬಿಚ್ಚುವ ಶಕ್ತಿ ಅಮ್ಮನಿಗಿರಲಿಲ್ಲ. ಸಂಜೆಯೊಳಗೆ ಅಲ್ಲಿಯವರೆಗೆ ಓದಿ ಮುಗಿಸಿದಳು.

ಬೆಳಿಗ್ಗೆ ಒಳಗೆ ಕರೆದೊಯ್ಯುವ ಮುಂಚೆ ಅಮ್ಮ ಕೇಳಿದಳು. "ಅಣ್ಣ, ಅದು ಯಾರು ಅಂತ ಹೇಳಿಬಿಡು. ನಾನು ಏಳದೇ ಹೋದ್ರೆ?"

"ಹೇಳಲ್ಲ. ಎದ್ದು ಬಂದು ಯಾರ ಮ್ಯಾಲೆ ಅನುಮಾನ ಅಂತ ನೀನು ಹೇಳು. ಆಮ್ಯಾಲೆ ಬಿಚ್ತೀನಿ."

ಬಾಗಿಲು ಮುಚ್ಚಿತು. ನನಗೆ ಮೈಯೆಲ್ಲ ಉರಿದುಹೋಯಿತು. "ಕರುಳಿಲ್ಲೇನು ಮಾವ ನಿನಗೆ? ಒಂದು ಹೆಸರು ಹೇಳಾಕೆ ಏನು ಕಷ್ಟ ಇತ್ತು?" ಎಂದೆ. ಅವನು ಪುಸ್ತಕವನ್ನು ಎದೆಗೊತ್ತಿಕೊಂಡು ಬೆಂಚಿನ ಮೇಲೆ ಕೂತ.

ಗಡ್ಡೆ ಕೆಟ್ಟದ್ದಲ್ಲ, ಪೂರ್ತಿ ತೆಗೆದಿದ್ದೇವೆ ಎಂದರು ಡಾಕ್ಟರು. ಮಾರನೆಯ ದಿನ ಮಧ್ಯಾಹ್ನ ಅಮ್ಮನಿಗೆ ಚೆನ್ನಾಗಿ ಎಚ್ಚರವಾಯಿತು. ಅಣ್ಣನನ್ನು ನೋಡಿದವಳೇ, "ವಕೀಲನ ತಮ್ಮ" ಎಂದಳು.

ಮಾವ ಚೀಲದಿಂದ ಕತ್ತರಿ ತೆಗೆದ. ಮೂವತ್ತು ವರ್ಷ ಬಟ್ಟೆ ಕತ್ತರಿಸಿದವನು ಒಂದು ದಾರಕ್ಕೆ ಕತ್ತರಿ ತಾಗಿಸಿ ಅಲ್ಲೇ ನಿಲ್ಲಿಸಿದ.

"ಸರಿ ಐತೇನು, ಅಷ್ಟು ಹೇಳು" ಎಂದಳು ಅಮ್ಮ.

"ನಂಗೇನು ಗೊತ್ತು?"

"ನೀನು ಓದಿಲ್ಲೇನು?"

"ನಿಂಗೆ ಹಿಂಗಾಗಿರುವಾಗ ನಾನೊಬ್ನೇ ಹೆಂಗೆ ಓದ್ಲಿ? ತಂದ ದಿನಾನೇ ಹೊಲಿದುಬಿಟ್ಟೆ. ನೀನು ಎದ್ರೆ ಓದೋದು, ಇಲ್ಲಾಂದ್ರೆ ಅದು ಹಂಗೇ ಇರ್ಲಿ ಅಂತ" ಎಂದವನು ವಾರ್ಡಿನಲ್ಲಿದ್ದ ಅಷ್ಟು ಜನರೆದುರು ಮಗುವಿನಂತೆ ಅತ್ತುಬಿಟ್ಟ. ನನಗೆ ಹಿಂದಿನ ದಿನ ಆಡಿದ ಮಾತು ನೆನೆದು ತಲೆ ಎತ್ತಲಾಗಲಿಲ್ಲ.

ಅಮ್ಮ ಅವನ ಗಡ್ಡ ಬೆಳೆದ ಮುಖವನ್ನೇ ನೋಡಿದಳು. "ಎರಡು ದಿನದಿಂದ ಉಂಡಿಲ್ಲ ನೀನು. ಕೊಲೆಗಾರ ಎಲ್ಲಿಗೂ ಓಡಿಹೋಗಲ್ಲ. ಮೊದ್ಲು ಉಂಡು ಬಾ."

ಮಾವ ಪುಸ್ತಕವನ್ನೂ ಕತ್ತರಿಯನ್ನೂ ಅವಳ ದಿಂಬಿನ ಪಕ್ಕದಲ್ಲಿಟ್ಟು ಊಟಕ್ಕೆ ಹೋದ. ಅವನು ಬರುವವರೆಗೂ ಅಮ್ಮ ಎಚ್ಚರವಾಗಿಯೇ ಇದ್ದಳು. ಹೊಲಿಗೆ ಮುಟ್ಟಲಿಲ್ಲ.