ಬಂಗಾರದ ನಿಬ್ಬಿನ ಶರಾ

ಬೊಮ್ಮಯ್ಯನ ಕಾಲಿಗೆ ಮುಳ್ಳು ಚುಚ್ಚಿದ್ದು ಶನಿವಾರ ಸಂಜೆ. ಅದೇ ಮುಳ್ಳು ನಾಗಪತಿ ಮಾಸ್ತರರಿಗೆ ಚುಚ್ಚಿದ್ದು ರವಿವಾರ ಬೆಳಿಗ್ಗೆ.

ಮಂಕಿಯ ಕನ್ನಡ ಶಾಲೆಯಲ್ಲಿ ಮಾಸ್ತರರಿಗೆ ಮೂರನೇ ಇಯತ್ತೆಯ ಪಾಠದ ಜೊತೆಗೆ ಇನ್ನೊಂದು ಕೆಲಸವೂ ಇತ್ತು. ಹೆಡ್‌ಮಾಸ್ತರ ಮಾಬ್ಲೇಶ್ವರ ಹೆಗಡೆಯವರ ಪೆನ್ನನ್ನು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒಣಗಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸಿದ ಶಾಯಿ ತುಂಬಿ ಕೊಡುವುದು. ಅದು ಅಂಥಿಂಥ ಪೆನ್ನಲ್ಲ. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಭಾವ ವಿಲಾಯತಿಯಿಂದ ತಂದದ್ದು. ಕರಿಮೈ, ಬಂಗಾರದ ನಿಬ್ಬು. ಅದು ಅಂಗಿಯ ಕಿಸೆಯಲ್ಲಿದ್ದಾಗ ಹೆಗಡೆಯವರ ಎಡಗಡೆಯ ಎದೆ ಬಲಗಡೆಯದಕ್ಕಿಂತ ಅರ್ಧ ಹೆಜ್ಜೆ ಮುಂದೆ ನಡೆಯುತ್ತಿತ್ತು. ಮದುವೆಮನೆಗೆ ಮಾತ್ರ ಅದನ್ನು ಒಯ್ಯುತ್ತಿರಲಿಲ್ಲ. ಅಲ್ಲಿ ಉಡುಗೊರೆಯ ಪಟ್ಟಿ ಬರೆಯುವವರು ಯಾರ ಕಿಸೆಗಾದರೂ ಕೈಹಾಕುವವರು.

ಆ ರವಿವಾರ ಭಟ್ಕಳದಲ್ಲಿ ಅವರ ನೆಂಟರ ಮದುವೆ. ಹೋಗುವಾಗ ಪೆನ್ನನ್ನು ನಾಗಪತಿಯ ಕೈಗೆ ಕೊಟ್ಟು, ಸಂಜೆಯ ಬಸ್ಸಿಗೆ ಬಂದು ಮಾಸ್ತರರ ವರ್ಗಾವಣೆಯ ಅರ್ಜಿಗೆ ಶರಾ ಬರೆದುಕೊಡುವುದಾಗಿ ಹೇಳಿ ಹೋಗಿದ್ದರು. ಅರ್ಜಿ ಸೋಮವಾರ ಮೇಲಿನ ಕಚೇರಿಗೆ ಮುಟ್ಟಬೇಕು. ಅದು ಕಡೆಯ ದಿನ.

ಶರಾದ ವಿಷಯದಲ್ಲಿ ಮಾಸ್ತರರಿಗೆ ಚಿಂತೆ ಇರಲಿಲ್ಲ. ರಾಜ್ಯ ಒಂದಾಗಿ ಐದಾರು ವರ್ಷವಾದರೂ ಹೆಗಡೆಯವರ ಕಚೇರಿ ಭಾಷೆ ಬೊಂಬಾಯಿ ಸರಕಾರದ್ದೇ. ರಜೆಯ ಅರ್ಜಿ ಇರಲಿ, ಮಾಡಿನ ಹಂಚು ಬದಲಿಸುವ ಅರ್ಜಿ ಇರಲಿ, ಕೆಳಗೆ ಜಿಪುಣರು ಉಪ್ಪಿನಕಾಯಿ ಬಡಿಸಿದಂತೆ ಒಂದೇ ಶಬ್ದ: ‘ಹರಕತ್ತಿಲ್ಲ.’ ನಮ್ಮದೇನೂ ಅಡ್ಡಿಯಿಲ್ಲ ಎಂದು ಅರ್ಥ. ಆ ಒಂದು ಶಬ್ದ ಸಾಕಿತ್ತು. ಕಳೆದ ಮೂರು ವರ್ಷ ಕತಗಾಲದಲ್ಲಿ ಜಾಗವೇ ಖಾಲಿ ಇಲ್ಲದೆ ಅರ್ಜಿ ತಿರುಗಿ ಬಂದಿತ್ತು. ಈ ವರ್ಷ ಜಾಗ ಖಾಲಿಯಾಗಿತ್ತು. ಕತಗಾಲದಲ್ಲಿ ಹೆಂಡತಿ ಸುಮತಿ ತವರಿನಲ್ಲಿದ್ದಳು. ಮಗಳು ಮಹಾಲಕ್ಷ್ಮಿಗೆ ನಾಲ್ಕು ವರ್ಷ. ತಿಂಗಳಿಗೊಮ್ಮೆ ಇವರು ಹೋದಾಗ ಮಗಳು ಬಾಗಿಲ ಹಿಂದೆ ನಿಂತು, “ಆಯಿ, ಮಾಸ್ತರ್ರು ಬಂದ್ರು” ಎಂದು ಕೂಗಿ ಹೇಳುತ್ತಿದ್ದಳು. ಅಪ್ಪ ಎಂಬುದು ಅವಳ ಪಾಲಿಗೆ ಕಾಗದದ ಕೊನೆಯಲ್ಲಿ ಬರುವ ಒಂದು ಸಹಿ.

ರವಿವಾರ ಬೆಳಿಗ್ಗೆ ಪೆನ್ನು ತೊಳೆದು ಜಗಲಿಯ ಮೇಲೆ ಬಟ್ಟೆ ಹಾಸಿ ಒಣಗಲು ಇಟ್ಟಿದ್ದಾಗ ನೆರೆಮನೆಯ ಬೊಮ್ಮಯ್ಯ ಕುಂಟುತ್ತ ಬಂದ. ಬೊಂಬಾಯಿಯ ಮಗನಿಗೆ ಒಂದು ಕಾಗದ ಬರೆಸಬೇಕಿತ್ತು. ಮಾಸ್ತರರು ಕೂರಲು ಹೇಳಿ, ಚಹಾಕ್ಕೆ ನೀರಿಟ್ಟು ಬರಲು ಒಳಗೆ ಹೋದರು. ತಿರುಗಿ ಬಂದಾಗ ಬೊಮ್ಮಯ್ಯ ಅಂಗಾಲನ್ನು ತೊಡೆಯ ಮೇಲೆ ಹಾಕಿಕೊಂಡು, ನಾಲಿಗೆ ಕಚ್ಚಿ, ಬಂಗಾರದ ನಿಬ್ಬಿನಿಂದ ಮುಳ್ಳು ಕೀಳುತ್ತಿದ್ದ.

“ಬಂತು ಮಾಸ್ತರ್ರೇ” ಎಂದು ಅವನು ಮುಳ್ಳನ್ನು ಎತ್ತಿ ತೋರಿಸಿದ. “ನಿನ್ನೆಯಿಂದ ಸೂಜಿಯಲ್ಲಿ ತೆಗೂಕೆ ನೋಡ್ದೆ, ಬರಲಿಲ್ಲ. ಇದು ಚೊಲೋ ಸಾಮಾನು.”

ನಿಬ್ಬಿನ ಎರಡು ತುದಿಗಳು ಹಸಿದ ಹಕ್ಕಿಮರಿಯ ಕೊಕ್ಕಿನಂತೆ ಬಾಯಿ ತೆರೆದಿದ್ದವು. ಮಾಸ್ತರರ ಮುಖ ನೋಡಿ ಬೊಮ್ಮಯ್ಯನಿಗೂ ಏನೋ ಆಗಿದೆ ಎಂದು ಹೊಳೆಯಿತು. ತಾನೇ ಸರಿಮಾಡಿ ಕೊಡುತ್ತೇನೆಂದು, ಅವರು ಬೇಡವೆನ್ನುವ ಮೊದಲೇ ಸೊಂಟದ ಅಡಕತ್ತರಿ ತೆಗೆದು ನಿಬ್ಬನ್ನು ಒಮ್ಮೆ ಒತ್ತಿದ. ಕೊಕ್ಕು ಮುಚ್ಚಿತು, ಆದರೆ ಒಂದರ ಮೇಲೊಂದು ಕಾಲು ಹಾಕಿ ಕೂತಂತೆ ಮುಚ್ಚಿತು.

ಮಾಸ್ತರರು ಚಹಾದ ನೀರನ್ನು ಒಲೆಯ ಮೇಲೇ ಬಿಟ್ಟು, ಪೆನ್ನನ್ನು ಕರವಸ್ತ್ರದಲ್ಲಿ ಸುತ್ತಿ ಬಸ್ಸು ಹಿಡಿದರು. ಪೆನ್ನು ರಿಪೇರಿ ಬಲ್ಲವರು ಆಸುಪಾಸಿನಲ್ಲಿ ಒಬ್ಬರೇ, ಕುಮಟೆಯ ಕೃಷ್ಣಾನಂದ ಶಾನಭಾಗರು.

ಹೊಳೆಯ ಈಚೆ ದಡದ ಕಾಸರಕೋಡಿನಲ್ಲಿ ಹೊನ್ನಾವರಕ್ಕೆ ದಾಟುವ ಲಾಂಚು ಹತ್ತಿದರೆ ಅಲ್ಲಿ ಪರಮೇಶ್ವರಿ ಅಕ್ಕೋರು ಕೂತಿದ್ದರು. ಅದೇ ಶಾಲೆಯಲ್ಲಿ ಒಂದನೇ ಇಯತ್ತೆ ನೋಡಿಕೊಳ್ಳುವವರು. ಅವರ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಹೆಗಡೆಯವರ ಕಿವಿಗೆ ಬೀಳುತ್ತಿತ್ತು. ರವಿವಾರ ಇಷ್ಟು ಗಡಿಬಿಡಿಯಲ್ಲಿ ಎತ್ತ ಹೊರಟದ್ದೆಂದು ಅವರು ಕೇಳಿದರು. ಮಾಸ್ತರರಿಗೆ ತಟ್ಟನೆ ಹೊಳೆದದ್ದು ಹಲ್ಲುನೋವು. ಅಕ್ಕೋರು ಅಲ್ಲಿಗೇ ಬಿಡುವವರಲ್ಲ. ಚೀಲದಿಂದ ಎರಡು ಲವಂಗ ತೆಗೆದು, ಯಾವ ಹಲ್ಲೆಂದು ವಿಚಾರಿಸಿ, ಅಲ್ಲಿಯೇ ಕಚ್ಚಿಸಿದರು. ನೀರು ಇಳಿತದಲ್ಲಿತ್ತು. ನಡುಹೊಳೆಯಲ್ಲಿ ಲಾಂಚು ಮರಳಿನ ದಿಬ್ಬಕ್ಕೆ ತಾಗಿ ಕೂತಿತು. ಭರತ ಏರಿ ಅದು ಏಳುವ ತನಕ ಎರಡು ಗಂಟೆ ಮಾಸ್ತರರು ಚೆನ್ನಾಗಿದ್ದ ಹಲ್ಲಿನಲ್ಲಿ ಲವಂಗ ಕಚ್ಚಿಕೊಂಡು, ಅಕ್ಕೋರ ತಂಗಿಯ ಮಾವನ ದವಡೆ ಬಾತ ಕತೆ ಕೇಳಿದರು. ಹೊನ್ನಾವರದಲ್ಲಿ ಇಳಿಯುವಾಗ ಅವರಿಗೆ ನಿಜವಾಗಿಯೂ ಹಲ್ಲು ನೋಯತೊಡಗಿತ್ತು.

ಕುಮಟೆ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಸ್ಟ್ಯಾಂಡಿನಲ್ಲಿ ಶಿರಸಿಯ ಬಸ್ಸು ನಿಂತಿತ್ತು. ಹತ್ತಿದರೆ ಕತಗಾಲ ಎಷ್ಟು ಹೊತ್ತಿನ ದಾರಿ? ಮಾಸ್ತರರು ಅದರ ಕಡೆ ನೋಡದೆ, ನೋಡಿದರೆ ಕಾಲು ಕೇಳಲಿಕ್ಕಿಲ್ಲವೆಂದು, ಪೇಟೆಯ ಕಡೆ ನಡೆದರು.

ಶಾನಭಾಗರ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ. ಕಣ್ಣಿಗೆ ಹಚ್ಚುವ ಭೂತಗನ್ನಡಿಯನ್ನು ಹಣೆಗೇರಿಸಿಕೊಂಡು ಅವರು ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದರು. ಮಾಸ್ತರರು ನಾಲ್ಕು ಸಲ ಕೆಮ್ಮಿದ ಮೇಲೆ ಎಚ್ಚರವಾಯಿತು. ನಿದ್ದೆಯಿಂದ ಎದ್ದ ಕೈ ನಡುಗುತ್ತದೆಂದೂ, ನಡುಗುವ ಕೈಯಲ್ಲಿ ನಿಬ್ಬು ಮುಟ್ಟುವುದಿಲ್ಲವೆಂದೂ ಹೇಳಿ ಅರ್ಧ ಗಂಟೆ ಸುಮ್ಮನೆ ಕೂತರು. ಆಮೇಲೆ ನಿಬ್ಬನ್ನು ಕನ್ನಡಿಯ ಅಡಿಯಲ್ಲಿ ಹಿಡಿದು ನೋಡಿ, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದರು:

“ಇದರಲ್ಲಿ ಬರೆದದ್ದೋ, ಅಗೆದದ್ದೋ?”

ಇದು ನೆಟ್ಟಗಾಗುವುದಿಲ್ಲ, ಬದಲಿಸಬೇಕು ಎಂದರು. ಬದಲಿಸಿ ಕೊಡುವ ವ್ಯವಸ್ಥೆ ಇದೆ: ಹಳೆಯ ನಿಬ್ಬನ್ನು ಬೊಂಬಾಯಿಗೆ ರಜಿಸ್ಟರ್ ಮಾಡಿದರೆ, ಸಪುರ, ನಡುವಿನದು, ದಪ್ಪ, ಯಾವುದು ಬೇಕೋ ಅದು ಒಂದೂವರೆ ತಿಂಗಳಿಗೆ ಬರುತ್ತದೆ. ಮಾಸ್ತರರು ಒಂದೂವರೆ ತಿಂಗಳು ಆಗುವುದಿಲ್ಲವೆಂದರು. ತಮಗೆ ಸಂಜೆಯ ಬಸ್ಸಿನೊಳಗೆ ಬೇಕೆಂದರು. ಹೆಂಡತಿ, ಮಗಳು, ಮೂರು ವರ್ಷ, ಎಲ್ಲವನ್ನೂ ಹೇಳಿದರು. ಲವಂಗ ಬಾಯಲ್ಲೇ ಇದ್ದುದರಿಂದ ಅರ್ಧ ಮಾತು ಶಾನಭಾಗರಿಗೆ ತಿಳಿಯಲಿಲ್ಲ. ಆದರೆ ಕಣ್ಣಂಚಿನ ನೀರು ತಿಳಿಯಿತು.

ಅವರು ಎದ್ದು ಒಂದು ತಗಡಿನ ಡಬ್ಬಿ ತಂದರು. ಭಟ್ಕಳದ ಜವಳಿ ವ್ಯಾಪಾರಿಯೊಬ್ಬರು ಇದೇ ಜಾತಿಯ ಪೆನ್ನಿಗೆ ಬೊಂಬಾಯಿಯಿಂದ ಬದಲಿಸಿ ತರಿಸಿದ ನಿಬ್ಬು ಅದರಲ್ಲಿತ್ತು. ತರಿಸಿ, ಕೊಲಂಬೊಗೆ ಹೋದವರು ಬಂದಿರಲಿಲ್ಲ. ಅದನ್ನು ಇವರಿಗೆ ಕೊಟ್ಟು, ಇವರದ್ದನ್ನು ಅವರ ಹೆಸರಿನಲ್ಲಿ ಕಳಿಸಬಹುದು. ಮೇಲಿನ ಖರ್ಚಿಗೆ ಮಾಸ್ತರರ ಕಿಸೆಯಲ್ಲಿದ್ದ ಅವರ ಸ್ವಂತದ ಪೆನ್ನು ಇಲ್ಲಿರಲಿ. ಆದರೆ ಈ ನಿಬ್ಬು ಆ ಹೆಡ್‌ಮಾಸ್ತರರ ಕೈಗೆ ಹೊಂದೀತೇ, ಅವರ ಅಕ್ಷರವೇನಾದರೂ ಇದೆಯೇ ಎಂದು ಕೇಳಿದರು.

ಮಾಸ್ತರರ ಕಿಸೆಯಲ್ಲಿ ಹೋದ ವರ್ಷ ತಿರುಗಿ ಬಂದ ಅರ್ಜಿ ಮಡಿಸಿಕೊಂಡೇ ಇತ್ತು. ಶಾನಭಾಗರು ‘ಹರಕತ್ತಿಲ್ಲ’ದ ಒಂದೊಂದು ಅಕ್ಷರದ ಮೇಲೂ ಕನ್ನಡಿ ಸರಿಸಿದರು.

“ಪಾಪ, ಭಾರಿ ತ್ರಾಸಿನಲ್ಲಿ ಬರೆದಿದ್ದಾರೆ. ಹಳೇ ನಿಬ್ಬು ಮೊದಲಿಂದಲೂ ಕೆರೀತಿತ್ತು ಕಾಣ್ತದೆ, ಕಾಗದವೇ ಹರಿದಿದೆ. ಇದು ಹಾಗಲ್ಲ ಮಾಸ್ತರ್ರೇ. ಎಣ್ಣೆ ಬಳಿದ ಹಾಗೆ ಹೋಗ್ತದೆ.”

ಹೊಸ ನಿಬ್ಬು ಕೂತಿತು. ನೋಡಲಿಕ್ಕೆ ಅವಳಿಜವಳಿ. ಮಾಸ್ತರರು ಕೈಮುಗಿದು ಓಡಿದರು.

ಮಂಕಿಯಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ದೂರದಿಂದಲೇ ತಮ್ಮ ಜಗಲಿಯ ಮೇಲೆ ಇಬ್ಬರು ಕಂಡರು. ಒಬ್ಬರು ಹೆಗಡೆಯವರು. ಅವರ ಬಸ್ಸು ಬೇಗ ಬಂದಿತ್ತು. ಇನ್ನೊಬ್ಬ ಬೊಮ್ಮಯ್ಯ, ಅಂಗಾಲನ್ನು ತೊಡೆಯ ಮೇಲೆ ಹಾಕಿಕೊಂಡು ಯಾವುದೋ ಕತೆ ಹೇಳುತ್ತಿದ್ದ. ಮಾಸ್ತರರ ಕಾಲು ಅಲ್ಲಿಯೇ ನಿಂತಿತು.

“ಬಾ ತಮಾ” ಎಂದರು ಹೆಗಡೆಯವರು. “ಹಲ್ಲು ಹ್ಯಾಂಗಿದ್ದು?”

ಮಧ್ಯಾಹ್ನದ ಲಾಂಚಿಗೆ ತಿರುಗಿದ ಅಕ್ಕೋರು ಎಲ್ಲವನ್ನೂ ಹೇಳಿದ್ದರು. ಹೊಳೆಯ ನಡುವೆ ಮಾಸ್ತರರು ತುಟಿಪಿಟಕ್ಕೆನ್ನದೆ ನೋವು ನುಂಗಿದ್ದನ್ನು ಹೇಳಿದ್ದರು. ಬೊಮ್ಮಯ್ಯ ತನ್ನ ಕಾಲಿನ ಮುಳ್ಳಿನ ಕತೆ ಹೇಳಿದ್ದನಾದರೂ, ಯಾತರಿಂದ ಕಿತ್ತನೆಂಬಲ್ಲಿಗೆ ಇನ್ನೂ ಬಂದಿರಲಿಲ್ಲ. ಮಾಸ್ತರರು ಗಡಬಡಿಸಿ ಒಳಗೆ ಹೋಗಿ ಶಾಯಿ ತುಂಬಿ, ಪೆನ್ನನ್ನೂ ಅರ್ಜಿಯನ್ನೂ ತಂದು ಮುಂದಿಟ್ಟರು. ಹೆಗಡೆಯವರು ಮೊದಲು ಒಂದು ಚೂರು ಕಾಗದದ ಮೇಲೆ ‘ಶ್ರೀ’ ಬರೆದರು. ನಿಬ್ಬನ್ನು ಎತ್ತಿ ಕಂದೀಲಿನ ಬೆಳಕಿಗೆ ಹಿಡಿದರು. ಮಾಸ್ತರರು ಕಂದೀಲಿನ ಬತ್ತಿಯನ್ನು ತುಸು ಇಳಿಸಿದರು.

“ಇವತ್ತು ಎಷ್ಟು ಚೊಲೋ ತೊಳೆದಿದ್ಯೋ” ಎಂದರು ಹೆಗಡೆಯವರು.

ಅರ್ಜಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬರೆಯತೊಡಗಿದರು. ಒಂದು ಶಬ್ದವಾಯಿತು. ಮಾಸ್ತರರು ಉಸಿರು ಬಿಟ್ಟರು. ಎರಡನೆಯದಾಯಿತು. ಸಾಲು ಮುಗಿದು ಇನ್ನೊಂದು ಸಾಲು ಹಿಡಿಯಿತು. ನಿಬ್ಬು ಒಂದಿಷ್ಟೂ ಸದ್ದಿಲ್ಲದೆ ಓಡುತ್ತಿತ್ತು. ಹೆಗಡೆಯವರ ಮುಖದ ಮೇಲೆ, ಬಹಳ ಕಾಲದ ಮೇಲೆ ಹೊಳೆಯಲ್ಲಿ ಈಜಲು ಇಳಿದವರ ಖುಷಿ. ಶರಾದ ಜಾಗ ಮುಗಿಯಿತು. ಅಂಚಿಗೆ ಹೋದರು. ಕಾಗದ ತಿರುಗಿಸಿ ಬೆನ್ನಿಗೆ ಬರೆದರು. ಚೀಲದಿಂದ ಶಾಲೆಯ ಶಿಕ್ಕಾ ತೆಗೆದು ಕೆಳಗೆ ಒತ್ತಿ, ಕಣ್ಣು ತೇವ ಮಾಡಿಕೊಂಡು ಮಾಸ್ತರರ ಕೈಗೆ ಕೊಟ್ಟರು.

ಮಾಸ್ತರರು ಕಂದೀಲಿನ ಹತ್ತಿರ ಹೋಗಿ ಓದಿದರು. ತಾಲೂಕಿನಲ್ಲಿಯೇ ಇಂಥ ಶಿಕ್ಷಕನಿಲ್ಲವೆಂದಿತ್ತು. ಕಠಿಣ ದಂತಬಾಧೆಯಲ್ಲಿಯೂ ಕರ್ತವ್ಯ ಮರೆತವರಲ್ಲವೆಂದಿತ್ತು. ಕೊನೆಯ ಸಾಲು ಎಲ್ಲಕ್ಕಿಂತ ದುಂಡಗಿತ್ತು: ‘ಆದ್ದರಿಂದ ಸದರಿಯವರನ್ನು ಇಲ್ಲಿಂದ ಕನಿಷ್ಠ ಐದು ವರ್ಷ ಕದಲಿಸಕೂಡದೆಂದು ಆಗ್ರಹದ ವಿನಂತಿ.’

“ನಾನೂ ‘ಹರಕತ್ತಿಲ್ಲ’ ಹೇಳೇ ಬರೆಯವು ಹೇಳಿ ಕೂತಿದ್ದಿ” ಎಂದರು ಹೆಗಡೆಯವರು, ಪೆನ್ನಿನ ಟೊಪ್ಪಿ ಹಾಕುತ್ತ. “ಅದಕ್ಕೂ ಮೊದಲು ನಿನ್ನ ಬಗ್ಗೆ ಎರಡು ಒಳ್ಳೆ ಮಾತು ಇರಲಿ ಅನಿಸ್ತು. ಇಷ್ಟು ವರ್ಷ ಈ ಪೆನ್ನು ಕೆರೆದು ಕೆರೆದು, ಯಾರಿಗೂ ಒಂದು ಶಬ್ದಕ್ಕಿಂತ ಹೆಚ್ಚು ಬರೆಯಲೇ ಆಜಿಲ್ಲೆ. ಇವತ್ತು ಬರೀತಾ ಬರೀತಾ ನಂಗೇ ಗೊತ್ತಾತು, ನೀನು ಹೋದ್ರೆ ನಮ್ಮ ಶಾಲೆ ನಡೀತಿಲ್ಲೆ.”

ಅರ್ಜಿಯ ನಮೂನೆ ಒಂದೇ ಇತ್ತು. ಶಿಕ್ಕಾ ಬಿದ್ದಿತ್ತು. ಬೆಳಗಾದರೆ ಕಡೆಯ ದಿನ. ಮಾಸ್ತರರು ಹಲ್ಲು ಕಚ್ಚಿದರು. ಲವಂಗ ಇನ್ನೂ ಅಲ್ಲಿಯೇ ಇತ್ತು.

ಪೆನ್ನು ಹಿಂದೆಂದೂ ಹೀಗೆ ಬರೆದಿರಲಿಲ್ಲ ಎಂಬುದನ್ನು ಕೇಳಿ ಬೊಮ್ಮಯ್ಯ ಬೆಳಿಗ್ಗೆಯಿಂದ ಹೊತ್ತಿದ್ದ ಭಾರ ಇಳಿಸಿದ.

“ನೋಡಿ ಮಾಸ್ತರ್ರೇ, ನೀವು ಸುಮ್ಮನೆ ಹೆದ್ರಿದ್ರಿ. ಅಡಕತ್ತರಿಯಲ್ಲಿ ಒಂದ್ಸಲ ಒತ್ತಿದ್ದಕ್ಕೆ ಎಷ್ಟು ಚಂದ ಆತು.”

ಹೆಗಡೆಯವರಿಗೆ ಅದು ಅರ್ಥವಾಗಲಿಲ್ಲ. ಅವರು ಏಳುತ್ತ, ಮನೆಯವಳಿಗೂ ಸುದ್ದಿ ತಿಳಿಸು, ಇಂಥ ಶರಾ ಬಿದ್ದದ್ದು ಅವಳಿಗೂ ಅಭಿಮಾನವೇ, ಇದರಲ್ಲೇ ಬರೆ ಎಂದು ಪೆನ್ನನ್ನು ಮತ್ತೆ ಬಿಚ್ಚಿ ಕೊಟ್ಟರು. ಮಾಸ್ತರರ ಸ್ವಂತದ ಪೆನ್ನು ಕುಮಟೆಯಲ್ಲಿತ್ತು. ಕಾರ್ಡು ತಂದು ಕೂತರು. ‘ಚಿ. ಸೌ. ಸುಮತಿಗೆ’ ಎಂಬುದು ಎಣ್ಣೆ ಬಳಿದ ಹಾಗೆ ಹೋಯಿತು. ಮುಂದೆ ಏನು ಬರೆಯುವುದು? ನಿಬ್ಬು ಕಾರ್ಡಿನ ಮೇಲೆ ನಿಂತಿತು. ನಿಂತಲ್ಲೇ ಶಾಯಿ ಹರಡಿ ಕಾಸಿನಗಲವಾಯಿತು, ಆಮೇಲೆ ರೂಪಾಯಿಯಗಲ. ಹಿಂದೆ ನಿಂತು ನೋಡುತ್ತಿದ್ದ ಹೆಗಡೆಯವರು, ವಾರಕ್ಕೊಮ್ಮೆ ತೊಳೆಯುವ ಕೆಲಸವೊಂದನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲವೆಂದು ಭರವಸೆ ಕೊಟ್ಟರು.

ಬಹಳ ಹೊತ್ತಿನ ಮೇಲೆ ಮಾಸ್ತರರು ಆ ಕಲೆಯ ಕೆಳಗೆ ಒಂದೇ ಒಂದು ಶಬ್ದ ಬರೆದು, ಸಹಿ ಮಾಡಿದರು.

‘ಹರಕತ್ತಿಲ್ಲ.’