ಕೊನೆಯ ಮಹಡಿಯ ಮುದುಕಿ

ಆ ಶನಿವಾರ ಮಧ್ಯಾಹ್ನ ಒಂದು ಇಡೀ ಕಟ್ಟಡವನ್ನು ಬೆಂಕಿಯಿಂದ ಉಳಿಸಿಯೇ ತೀರುತ್ತೇನೆಂದು ನಾನು ಪಣ ತೊಟ್ಟೆ. ಸೋಫಾದ ಮೇಲೆ ಕುಳಿತು, ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು!

ನಗಬೇಡಿ. ನಾನು ಅಗ್ನಿಶಾಮಕ ದಳದವನು. ಮಂಡಿ ಕೈಕೊಟ್ಟ ಮೇಲೆ ನನ್ನನ್ನು ಏಣಿಯಿಂದ ಇಳಿಸಿ ಭಾಷಣಕ್ಕೆ ಹಾಕಿದ್ದಾರೆ. ಶಾಲೆ, ಕಾರ್ಖಾನೆ, ಬಟ್ಟೆ ಅಂಗಡಿ ಎಲ್ಲ ಕಡೆಗೂ ಹೋಗಿ, "ಒಲೆ ಉರಿಯುತ್ತಿರುವಾಗ ಟಿವಿ ಮುಂದೆ ಕೂರಬೇಡಿ" ಎಂದು ಬೋಧಿಸುವುದು ನನ್ನ ಕಸುಬು. ಭಾಷಣದ ತಾಲೀಮು ಮನೆಯಲ್ಲೇ ನಡೆಯುತ್ತದೆ. ಕೇಳುಗರು ನಮ್ಮ ಅತ್ತೆಯೊಬ್ಬರೇ. ನಾನು ಶುರುಮಾಡಿದ ಕೂಡಲೇ ಅವರು ಕುರ್ಚಿಯಲ್ಲಿ ಕಣ್ಣು ಮುಚ್ಚುತ್ತಾರೆ. ನಿದ್ದೆಹೋದವರ ಮುಂದೆ ಮಾತಾಡಲು ಧೈರ್ಯ ಜಾಸ್ತಿ, ಹಾಗಾಗಿ ನನಗೇನೂ ಬೇಜಾರಿರಲಿಲ್ಲ.

ಈ ನೌಕರಿಗೆ ನಾನು ಬಂದದ್ದೇ ಚಿಕ್ಕಂದಿನಲ್ಲಿ ಒಂದು ಸಿನಿಮಾ ನೋಡಿ. ಉರಿಯುವ ಕಟ್ಟಡಕ್ಕೆ ನಾಯಕ ಒಬ್ಬನೇ ನುಗ್ಗುತ್ತಾನೆ. ಮಹಡಿ ಮಹಡಿ ಹತ್ತಿ ಎಲ್ಲರನ್ನೂ ಹೊತ್ತು ತರುತ್ತಾನೆ. ಕೊನೆಯ ಮಹಡಿಯ ಕಿಟಕಿಯಲ್ಲಿ ಒಬ್ಬ ಮುದುಕಿ ಕೈ ಬೀಸುತ್ತಿರುತ್ತಾಳೆ. ಅವಳನ್ನು ಹೆಗಲಿಗೇರಿಸಿಕೊಂಡು ಅವನು ಜಿಗಿದಾಗ ಇಡೀ ಚಿತ್ರಮಂದಿರ ಎದ್ದು ನಿಂತಿತ್ತು. ಆಮೇಲೆ ಆ ಸಿನಿಮಾವನ್ನೇ ವಿಡಿಯೋ ಗೇಮ್ ಮಾಡಿದರು. ಕ್ಯಾಸೆಟ್ಟನ್ನು ಡಬ್ಬಿಗೆ ತುರುಕಿ, ಡಬ್ಬಿಯನ್ನು ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕಾಲದ್ದು. ಬೆಂಕಿ ಅಂದರೆ ಕೆಂಪು ಚೌಕ, ನೀರು ಅಂದರೆ ನೀಲಿ ಚೌಕ. ಸಿನಿಮಾದಲ್ಲಿ ನನ್ನ ಕರ್ಚೀಫು ಒದ್ದೆ ಮಾಡಿಸಿದ ನಾಯಕಿ ಇಲ್ಲಿ ಒಂದು ಹಳದಿ ಚೌಕ.

ನಮ್ಮ ಠಾಣೆಯ ಡ್ರೈವರ್‌ಗೆ ಮನೆಯ ಅಟ್ಟ ಗುಡಿಸುವಾಗ ಆ ಡಬ್ಬಿ ಸಿಕ್ಕಿತ್ತು. ತಂದು ನನ್ನ ಕೈಗಿಟ್ಟ.

"ಕೊನೆ ಮಹಡಿ ಮುದುಕೀನ ಇದುವರೆಗೂ ಯಾರೂ ಉಳಿಸಿಲ್ಲ, ಸಾರ್."

"ಯಾರೂ ಅಂದ್ರೆ ಯಾರಪ್ಪಾ? ಕಸುಬು ಗೊತ್ತಿಲ್ಲದವರು ಆಡಿದ್ದಾರೆ. ಸೋಮವಾರ ಬಂದು ಹೇಳ್ತೀನಿ, ನೋಡ್ತಿರು."

ಶನಿವಾರ ನನ್ನ ಹೆಂಡತಿ ಹಲ್ಲು ಕೀಳಿಸಲು ಹೊರಟಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಹೇಳಿದಳು:

"ಒಲೆ ಮೇಲೆ ಆಲೂಗಡ್ಡೆ ಇಟ್ಟಿದ್ದೀನಿ. ಬೆಂದ ಕೂಡಲೇ ಆರಿಸಿ. ಅಮ್ಮ ಒಳಗೆ ಮಲಗಿದ್ದಾಳೆ. ಎರಡೂ ನಿಮ್ಮ ಮೇಲೆ."

"ಬೆಂಕಿ ವಿಷಯ ನನಗೆ ಹೇಳಿಕೊಡ್ತೀಯಾ?"

"ಆಲೂಗಡ್ಡೆ ವಿಷಯ ಹೇಳ್ತಿದ್ದೀನಿ."

ಅವಳ ಬೆನ್ನು ಮರೆಯಾದದ್ದೇ ತಡ, ನಾನು ಡಬ್ಬಿ ಜೋಡಿಸಿದೆ. ಜಾಯ್‌ಸ್ಟಿಕ್ ಆ ಕಾಲಕ್ಕೆ ಬಹಳ ಶೋಕಿಯದು, ವೈರಿಲ್ಲದ್ದು. ಆದರೆ ಅದಕ್ಕೊಂದು ಚೌಕಾಕಾರದ ಬ್ಯಾಟರಿ ಬೇಕು. ಮನೆಯ ಡ್ರಾಯರುಗಳನ್ನೆಲ್ಲ ಜಾಲಾಡಿದೆ. ಕೊನೆಗೆ ಸೋತು ತಲೆ ಎತ್ತಿ ನೋಡಿದರೆ, ಅಡುಗೆಮನೆಯ ಮುಂದಿನ, ಮನೆಯೊಳಗಿನ ಓಣಿಯ ಸೂರಿನಲ್ಲಿ ಹೊಗೆ ಅಲಾರಂ! ನಾನೇ ನನ್ನ ಕೈಯಾರೆ ಹಾಕಿದ್ದು. ಅದರ ಹೊಟ್ಟೆಯಲ್ಲಿ ಅದೇ ಬ್ಯಾಟರಿ.

ಇಲ್ಲಿ ನನ್ನ ಬುದ್ಧಿ ಓಡಿದ ದಾರಿಯನ್ನು ಹೇಳಲೇಬೇಕು. ಬೇರೆ ಯಾರೇ ಆಗಿದ್ದರೂ ಹೆದರುತ್ತಿದ್ದರು. ನಾನು ಮಾತ್ರ, "ಅಲಾರಂ ಇರುವುದು ಯಾಕೆ? ಅಗ್ನಿಶಾಮಕ ದಳವನ್ನು ಎಚ್ಚರಿಸಲಿಕ್ಕೆ. ಅಗ್ನಿಶಾಮಕ ದಳವೇ ಮನೆಯಲ್ಲಿ ಎಚ್ಚರವಾಗಿ ಕೂತಿರುವಾಗ ಅದಕ್ಕೇನು ಕೆಲಸ?" ಎಂದು ವಾದಿಸಿ, ನನ್ನ ವಾದಕ್ಕೆ ನಾನೇ ತಲೆದೂಗಿ, ಸ್ಟೂಲು ಹತ್ತಿ ಬ್ಯಾಟರಿ ಕಿತ್ತೆ. ಅತ್ತೆಯ ನಿದ್ದೆ ಕೆಡಬಾರದೆಂದು ಹಾಲಿನ ಬಾಗಿಲನ್ನೂ ಹಾಕಿಕೊಂಡೆ. ಎಂಥ ಕಾಳಜಿ ನೋಡಿ!

ಆಮೇಲೆ ನಡೆದದ್ದು ಮಹಾಯುದ್ಧ. ಕೆಂಪು ಚೌಕಗಳು ಎಡದಿಂದ ಬಂದವು, ಬಲದಿಂದ ಬಂದವು. ನಾನು ನೀಲಿ ಚೌಕಗಳ ಮಳೆಗರೆದೆ. ಕಚೇರಿಯವರನ್ನು ಉಳಿಸಿದೆ, ಲಿಫ್ಟಿನಲ್ಲಿ ಸಿಕ್ಕಿಕೊಂಡವನನ್ನು ಉಳಿಸಿದೆ, ನಾಯಕಿಯನ್ನು ಉಳಿಸಿದೆ. ನನ್ನ ಮಂಡಿ ಕೂಡ ಎಳೆಯ ಮಂಡಿಯಾದಂತೆ ಅನ್ನಿಸಿತು. ಕೊನೆಗೂ ಕೊನೆಯ ಮಹಡಿ ಬಂತು. ಅಲ್ಲಿ ಕಿಟಕಿಯ ಬಳಿ ತಲೆಯ ಮೇಲೆ ಬಿಳಿ ಚೌಕ ಹೊತ್ತ ಮುದುಕಿ ಕೈ ಬೀಸುತ್ತಿದ್ದಳು.

ಆಗಲೇ ಸುಟ್ಟ ವಾಸನೆ ಬಂತು. ಹಳೆಯ ಡಬ್ಬಿ, ಬಿಸಿಯಾಗಿರಬೇಕು ಅಂದುಕೊಂಡೆ.

ಕೆಮ್ಮು ಕೇಳಿಸಿತು. ಭಲೇ, ಆ ಕಾಲದಲ್ಲೇ ಮುದುಕಿಗೆ ಕೆಮ್ಮು ಕೂಡ ಇಟ್ಟಿದ್ದಾರಲ್ಲ, ಎಷ್ಟು ನೈಜ ಅಂದುಕೊಂಡೆ.

ಕೆಮ್ಮು ಮತ್ತೆ ಕೇಳಿಸಿತು. "ಬಂದೆ ತಾಯೀ, ಬಂದೆ" ಎಂದು ಟಿವಿಗೆ ಧೈರ್ಯ ಹೇಳಿದೆ.

ಹಾಲಿನ ಬಾಗಿಲು ತೆರೆಯಿತು. ನೆಲಮಟ್ಟದಲ್ಲಿ ಒಂದು ತಲೆ ಕಾಣಿಸಿತು. ಮೂಗು ಬಾಯಿಗೆ ಒದ್ದೆ ಟವೆಲು ಕಟ್ಟಿಕೊಂಡು, ಅಂಬೆಗಾಲಿಡುತ್ತಾ ನಮ್ಮ ಅತ್ತೆ ಬರುತ್ತಿದ್ದರು. ಅವರ ಹಿಂದೆ ಓಣಿಯ ತುಂಬ ಹೊಗೆ.

"ಅಳಿಯಂದ್ರೆ," ಟವೆಲು ಸರಿಸಿ ಅವರು ಮೆಲ್ಲಗೆ ಹೇಳಿದರು, "ಗ್ಯಾಸ್ ಆರಿಸಿದ್ದೀನಿ. ಪಾತ್ರೆಗೆ ಮುಚ್ಚಳ ಹಾಕಿದ್ದೀನಿ. ಒರೆಸೋ ಬಟ್ಟೆಗೆ ಬೆಂಕಿ ಹತ್ತಿತ್ತು, ಒದ್ದೆ ಗೋಣಿಚೀಲ ಹೊದಿಸಿದೆ. ಕಿಟಕಿ ಎತ್ತರ, ನನಗೆ ಎಟಕಲ್ಲ. ನಿಮಗೆ ಬಿಡುವಾದ್ರೆ ತೆಗೀತೀರಾ?"

ಬಿಡುವಾದರೆ! ನಾನು ಓಡಿದೆ. ಕಿಟಕಿ ತೆಗೆದೆ. ಆಲೂಗಡ್ಡೆಗಳು ಇದ್ದಿಲಾಗಿದ್ದವು. ಅತ್ತೆ ಮಲಗುವ ಕೋಣೆಯಿಂದ ಹೊರಬರುವ ದಾರಿ ಅಡುಗೆಮನೆಯ ಮುಂದೆಯೇ. ಅವರಿಗೆ ಎಚ್ಚರವಾಗದೇ ಹೋಗಿದ್ದರೆ? ಅಷ್ಟಕ್ಕೇ ಯೋಚನೆ ನಿಲ್ಲಿಸಿದೆ, ಮುಂದಕ್ಕೆ ಹೋಗಲು ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಗಂಟೆಯ ಸದ್ದು. ಎದುರು ಮನೆಯ ಟೈಲರ್ ನಮ್ಮ ಕಿಟಕಿಯ ಗಾಜಿನ ಹಿಂದೆ ತುಂಬಿದ ಹೊಗೆ ನೋಡಿ ಆಗಲೇ ಫೋನು ಮಾಡಿದ್ದ. ಕೆಂಪು ಗಾಡಿ ನಮ್ಮ ಬಾಗಿಲಿಗೇ ಬಂದು ನಿಂತಿತು. ಇಳಿದವರೆಲ್ಲ ನನ್ನವರೇ. ಮುಂದೆ ಡ್ರೈವರ್. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ನಮ್ಮ ಹಾಲಿನ ನೆಲ ಬಹಳ ಗಟ್ಟಿ, ಏನೂ ಉಪಕಾರ ಮಾಡಲಿಲ್ಲ.

ಡ್ರೈವರ್ ಅಡುಗೆಮನೆ ನೋಡಿದ. ಬಾಯಿ ತೆರೆದುಕೊಂಡು ನೇತಾಡುತ್ತಿದ್ದ ಅಲಾರಂ ನೋಡಿದ. ಟಿವಿ ನೋಡಿದ.

"ಬ್ಯಾಟರಿ ಎಲ್ಲಿ ಸಾರ್?"

ನಾನು ಜಾಯ್‌ಸ್ಟಿಕ್ಕನ್ನು ಬೆನ್ನ ಹಿಂದೆ ಸರಿಸಿದೆ. ಅವನು ಅತ್ತೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಅಜ್ಜೀ, ಬಗ್ಗಿ ಬರೋದು, ಒದ್ದೆ ಬಟ್ಟೆ ಕಟ್ಟೋದು, ಇದೆಲ್ಲ ಯಾರು ಹೇಳಿಕೊಟ್ರು?" ಎಂದ.

"ನಮ್ಮ ಅಳಿಯಂದ್ರು. ದಿನಾ ಹೇಳ್ತಾರೆ. ಬಹಳ ಚೆನ್ನಾಗಿ ಹೇಳ್ತಾರೆ. ನಾನು ಕಣ್ಣು ಮುಚ್ಕೊಂಡು ಮನಸಿಟ್ಟು ಕೇಳ್ತೀನಿ."

ಅವರ ದನಿಯಲ್ಲಿ ಕುಹಕದ ಸುಳಿವೂ ಇರಲಿಲ್ಲ. ಕುಹಕವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಹುಡುಗರು ಪೈಪು ಸುತ್ತುವ ನೆಪದಲ್ಲಿ ಮುಖ ಆಕಡೆ ತಿರುಗಿಸಿದರು. ನನಗೆ ನಾಚಿಕೆಯಿಂದ ಕಿವಿ ಸುಡುತ್ತಿತ್ತು, ಅಂದು ಆ ಮನೆಯಲ್ಲಿ ಇನ್ನೂ ಆರದಿದ್ದದ್ದು ಅದೊಂದೇ.

ಗಾಡಿ ಹೋಗುತ್ತಿದ್ದಂತೆ ಹೆಂಡತಿ ಬಂದಳು. ಕೆನ್ನೆ ಊದಿತ್ತು, ಬಾಯಿ ತುಂಬ ಹತ್ತಿ. ಸಂಜೆಯವರೆಗೆ ಮಾತಾಡಕೂಡದೆಂದು ಹಲ್ಲಿನ ಡಾಕ್ಟರ ಅಪ್ಪಣೆ. ನಮ್ಮ ಸಂಸಾರದಲ್ಲಿ ಅವಳಿಗೆ ಮಾತಿನ ಅಗತ್ಯ ಅತಿ ಹೆಚ್ಚಾಗಿದ್ದ ದಿನವೇ! ಅವಳು ಮೊದಲು ಅಮ್ಮನ ಕೈ ಹಿಡಿದುಕೊಂಡಳು. ಬಿಡಲು ಬಹಳ ಹೊತ್ತಾಯಿತು. ಆಮೇಲೆ ಪಾತ್ರೆ ನೋಡಿದಳು, ಸೂರು ನೋಡಿದಳು, ನನ್ನ ಮುಂದೆ ಅಂಗೈ ಚಾಚಿದಳು. ನಾನು ಬ್ಯಾಟರಿ ಬಿಚ್ಚಿ ಅದರ ಮೇಲಿಟ್ಟೆ. ಸ್ಟೂಲು ಹತ್ತಿ ಅವಳೇ ಹಾಕಿದಳು. ಓಣಿಯಲ್ಲಿ ಇನ್ನೂ ಹೊಗೆ ಉಳಿದಿತ್ತು. ಅಲಾರಂ ಕಿವಿ ಹರಿಯುವಂತೆ ಕಿರುಚತೊಡಗಿತು. ಅವಳು ಹೇಳಬೇಕಾಗಿದ್ದನ್ನೆಲ್ಲ ಅದೇ ಹೇಳಿತು. ಅವಳು ಅದನ್ನು ನಿಲ್ಲಿಸಲೇ ಇಲ್ಲ.

ಅದು ಸುಮ್ಮನಾದ ಮೇಲೆ ನಾನು ಸುಟ್ಟ ಪಾತ್ರೆಯನ್ನು ಉಜ್ಜುತ್ತಾ ಕೂತೆ. ಅತ್ತೆ ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರು.

"ಅಳಿಯಂದ್ರೆ, ಒಂದು ಮಾತು ಕೇಳ್ಲಾ?"

"ಕೇಳಿ ಅತ್ತೆ." ಬೈಸಿಕೊಳ್ಳಲು ತಲೆ ತಗ್ಗಿಸಿದೆ. ಬೈದರೆ ಸಾಕು, ಹಗುರವಾಗುತ್ತೇನೆ ಅನ್ನಿಸಿತ್ತು.

"ನಾನು ಬಂದಾಗ ಟಿವಿಲಿ ಒಬ್ಬಳು ಮುದುಕಿ ಕಿಟಕಿ ಹತ್ರ ನಿಂತು ಕೈ ಬೀಸ್ತಿದ್ಲಲ್ಲ. ಅವಳು ಉಳಿದ್ಲಾ?"

"ಇಲ್ಲ, ಅತ್ತೆ."

ಅವರು ಹಾಲಿನ ಕಡೆಗೆ ಒಮ್ಮೆ ತಿರುಗಿ ನೋಡಿದರು.

"ಪಾಪ," ಅಂದರು, "ಅವಳೂ ನಿಮ್ಮನ್ನೇ ನಂಬಿದ್ಲು."